ಉಕ್ಕಿನ ಸ್ಲ್ಯಾಬಿನ ಬಿರುಕು: ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ನಿರಂತರ ಎರಕದಲ್ಲಿ, ಅಂದರೆ ಕರಗಿದ ಉಕ್ಕನ್ನು ಬಿಡದೆ ಸುರಿದು ಗಟ್ಟಿ ಮಾಡುವಾಗ, ಉಕ್ಕಿನ ಸ್ಲ್ಯಾಬಿಗೆ (ದಪ್ಪ ಹಲಗೆಯಂಥ ಉಕ್ಕಿಗೆ) ಬಿರುಕು ಯಾಕೆ ಬರುತ್ತದೆ, ತಡೆಯುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಯಂತ್ರದ ಹತ್ತಿರ ನಿಂತು ಕೆಲಸ ಮಾಡುವವರಿಗಾಗಿ. ಲೇಡಲ್, ಮೋಲ್ಡ್, ರೋಲರ್, ಸ್ಪ್ರೇ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ಅವರ ಬಾಯಲ್ಲಿ ಇರುವುದೇ ಅದು, ಸುಮ್ನೆ ಬದಲಾಯಿಸಿ ಏನು ಲಾಭ? ತೊಡಕು ಬಂದಿರುವುದು ‘ಬಿರುಕು’ ಅನ್ನುವ ನಮ್ಮದೇ ಪದದಲ್ಲಿ.

ನಿಘಂಟು ನೋಡಿದರೆ ಬಿರುಕು, ಸೀಳು, ಒಡಕು ಮೂರೂ ಹೆಚ್ಚುಕಡಿಮೆ ಒಂದೇ. ಮಾತಿನಲ್ಲಿ ಹಾಗಿಲ್ಲ ಅಲ್ವಾ? ಗೋಡೆ ಬಿರುಕು ಬಿಡುತ್ತದೆ, ಸೌದೆಯನ್ನು ಸೀಳುತ್ತೇವೆ, ಹಿಮ್ಮಡಿ ಒಡೆಯುತ್ತದೆ. ಸ್ಲ್ಯಾಬಿನಲ್ಲೂ ಬಿರುಕುಗಳೆಲ್ಲ ಒಂದೇ ಜಾತಿಯವಲ್ಲ. ಹುಟ್ಟುವ ಜಾಗ ಬೇರೆ, ಹುಟ್ಟುವ ಬಗೆ ಬೇರೆ.

ಈ ಕೆಲಸ ನೋಡದವರಿಗೆ ಎರಡು ಮಾತು. ಕರಗಿದ ಉಕ್ಕು ತಾಮ್ರದ ಮೋಲ್ಡಿಗೆ ಇಳಿಯುತ್ತದೆ. ಮೋಲ್ಡಿನ ಗೋಡೆಯೊಳಗೆ ನೀರು ಹರಿಯುತ್ತಿರುತ್ತದೆ. ಉಕ್ಕಿನ ಹೊರಭಾಗ ಗಟ್ಟಿಯಾಗಿ ಸಿಪ್ಪೆ ಕಟ್ಟುತ್ತದೆ. ಮೋಲ್ಡ್ ದಾಟುವಾಗ ಈ ಸಿಪ್ಪೆಯ ದಪ್ಪ ಸುಮಾರು 10ರಿಂದ 25 ಮಿಲಿಮೀಟರ್ ಅಷ್ಟೇ. ಸ್ಲ್ಯಾಬಿನ ದಪ್ಪ 200-250 ಮಿಲಿಮೀಟರ್ ಇದ್ದರೆ ಒಳಗೆಲ್ಲ ಇನ್ನೂ ದ್ರವವೇ. ಹಾಗೇ ರೋಲರ್‌ಗಳ ನಡುವೆ, ಸ್ಪ್ರೇ ನೀರಿನಲ್ಲಿ ನೆನೆಯುತ್ತಾ, ಬಾಗಿ ಕೆಳಗಿಳಿದು ಕೊನೆಗೆ ನೆಟ್ಟಗಾಗುತ್ತದೆ.

ಮೊದಲು ಉದ್ದ ಬಿರುಕು. ಸ್ಲ್ಯಾಬಿನ ಅಗಲ ಮುಖದ ಮೇಲೆ, ಎರಕ ಸಾಗುವ ದಿಕ್ಕಿನಲ್ಲೇ ಇರುತ್ತದೆ. ಇದರ ಬೀಜ ಬೀಳುವುದು ಮೋಲ್ಡಿನಲ್ಲಿ. ಇಂಗಾಲ ಶೇಕಡಾ 0.09ರಿಂದ 0.17ರ ಆಸುಪಾಸು ಇರುವ ಉಕ್ಕಿಗೆ ಇದರ ಕಾಟ ಜಾಸ್ತಿ. ಅಂಥ ಉಕ್ಕು ಗಟ್ಟಿಯಾಗುತ್ತಿದ್ದಂತೆಯೇ ಅದರ ಹರಳಿನ ಕಟ್ಟಡ ಡೆಲ್ಟಾ ಫೆರೈಟಿನಿಂದ ಆಸ್ಟೆನೈಟಿಗೆ ತಿರುಗಿ ಕುಗ್ಗುತ್ತದೆ. ಸಿಪ್ಪೆ ಅಲ್ಲಲ್ಲಿ ಮೋಲ್ಡಿನ ಗೋಡೆ ಬಿಟ್ಟು ಒಳಕ್ಕೆ ಸರಿಯುತ್ತದೆ. ಸರಿದ ಕಡೆ ಶಾಖ ಹೊರಗೆ ಹೋಗುವುದು ಕಡಿಮೆ, ಹಾಗಾಗಿ ಅಲ್ಲಿ ಸಿಪ್ಪೆ ತೆಳು. ಎಳೆತವೆಲ್ಲ ಆ ತೆಳು ಜಾಗಕ್ಕೇ ಬಂದು ಬೀಳುತ್ತದೆ.

ಮದ್ದು ಕೇಳಿದರೆ ತಲೆಕೆಳಗು ಅನ್ನಿಸಬಹುದು: ಮೋಲ್ಡಿನಲ್ಲಿ ಶಾಖವನ್ನು ನಿಧಾನವಾಗಿ ತೆಗೆಯಬೇಕು. ಆಗ ಸಿಪ್ಪೆ ಎಲ್ಲ ಕಡೆ ಒಂದೇ ಸಮ ಕಟ್ಟುತ್ತದೆ. ಅದಕ್ಕೇ ಇಂಥ ಉಕ್ಕಿಗೆ ಬೇಗ ಹರಳುಗಟ್ಟಿ ಶಾಖ ತಡೆಯುವ ಮೋಲ್ಡ್ ಪೌಡರ್ (ಕರಗಿ ಸಿಪ್ಪೆಗೂ ಮೋಲ್ಡಿಗೂ ನಡುವೆ ಇಳಿಯುವ ಪುಡಿ) ಹಾಕುತ್ತಾರೆ. ಜೊತೆಗೆ ಮೋಲ್ಡಿನಲ್ಲಿ ಉಕ್ಕಿನ ಮಟ್ಟ ಏರಿಳಿಯದಂತೆ ನೋಡಿಕೊಳ್ಳಬೇಕು, ಉಕ್ಕನ್ನು ಮೋಲ್ಡಿಗೆ ಇಳಿಸುವ ಕೊಳವೆ, ನಾಜಲ್, ಸರಿಯಾಗಿ ನಡುವೆ ಇರಬೇಕು.

ಇದನ್ನು ‘ಉದ್ದ ಸೀಳು’ ಅನ್ನೋಣ ಅಂತ ಒಬ್ಬರು ಸೂಚಿಸಿದರು. ಕಿವಿಗೆ ಚೆನ್ನಾಗಿದೆ. ಆದರೆ ಸೀಳು ಅಂದಾಗ ಆಚೆಯಿಂದ ಈಚೆಗೆ ಹಾದುಹೋದದ್ದು ಅನ್ನುವ ಭಾವ ಬರುತ್ತದೆ. ಬಹಳಷ್ಟು ಸಲ ಇದು ಕೆಲವೇ ಮಿಲಿಮೀಟರ್ ಆಳದ್ದು. ಸಿಪ್ಪೆ ನಿಜವಾಗಿ ಹರಿದು ಒಳಗಿನ ದ್ರವ ಹೊರಗೆ ಸುರಿದರೆ ಅದು ಬೇರೆಯೇ ಅನಾಹುತ. ‘ಸೀಳು’ ಪದವನ್ನು ಅದಕ್ಕೆ ಎತ್ತಿಟ್ಟಿದ್ದೇನೆ.

ಇನ್ನು ಅಡ್ಡ ಬಿರುಕು. ಇಲ್ಲಿ ಪದದ ಜಗಳ ಬಿರುಕಿನದಲ್ಲ, ಉಕ್ಕಿನ ಗುಣದ್ದು. ಬಾಗಿದ ಸ್ಲ್ಯಾಬನ್ನು ನೆಟ್ಟಗೆ ಮಾಡುವಾಗ ಅದರ ಮೇಲ್ಮುಖ ಎಳೆಯಲ್ಪಡುತ್ತದೆ. ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ನಡುವೆ ಎಷ್ಟೋ ಬಗೆಯ ಉಕ್ಕುಗಳಿಗೆ ಎಳೆತ ತಾಳುವ ಶಕ್ತಿಯೇ ಇರುವುದಿಲ್ಲ. ನಿಯೋಬಿಯಂ ಅಥವಾ ಅಲ್ಯೂಮಿನಿಯಂ, ನೈಟ್ರೋಜನ್ ಜೊತೆ ಸೇರಿ ಹರಳುಗಳ ಅಂಚಿನಲ್ಲಿ ಸಣ್ಣ ಕಣಗಳಾಗಿ ಕೂತಿರುತ್ತವೆ. ಅದೇ ಅಂಚಿನಲ್ಲಿ ಮೆತ್ತನೆಯ ಫೆರೈಟಿನ ತೆಳು ಪದರವೂ ಕಟ್ಟುತ್ತದೆ. ಎಳೆದಾಗ ಮೊದಲು ಬಿಟ್ಟುಕೊಡುವುದು ಆ ಅಂಚು. ಸ್ಲ್ಯಾಬನ್ನು ನೆಟ್ಟಗೆ ಮಾಡುವಾಗ ಮೇಲ್ಮೈ ಬಿಸಿ ಈ ಪಟ್ಟಿಯ ಮೇಲೋ ಕೆಳಗೋ ಇರಬೇಕು. ಮೂಲೆಗಳು ಬೇಗ ತಣಿಯುವುದರಿಂದ ಮೊದಲು ಸಿಕ್ಕಿಬೀಳುವುದು ಅವೇ. ಅಲ್ಲಿ ಸ್ಪ್ರೇ ಕಡಿಮೆ ಮಾಡುತ್ತಾರೆ. ಸ್ವಲ್ಪ ಟೈಟೇನಿಯಂ ಸೇರಿಸಿ ನೈಟ್ರೋಜನ್ನನ್ನು ಮೊದಲೇ ಕಟ್ಟಿಹಾಕುವುದೂ ಉಂಟು.

ಈ ಸ್ಥಿತಿಗೆ ‘ಗಡಸು’ ಅಂತ ಬರೆದದ್ದನ್ನು ನೋಡಿದ್ದೇನೆ. ಇದು ಪೂರ್ತಿ ತಪ್ಪು ಅಂತ ನನ್ನ ಅನಿಸಿಕೆ. 800 ಡಿಗ್ರಿಯಲ್ಲಿ ಉಕ್ಕು ಗಡಸಾಗಿರುವುದಿಲ್ಲ, ಮೆತ್ತಗೇ ಇರುತ್ತದೆ. ಎಳೆದರೆ ಹಿಗ್ಗದೆ ಬಿಟ್ಟುಕೊಡುತ್ತದೆ, ಅಷ್ಟೇ. ‘ಪೆಡಸು’ ಹತ್ತಿರದ ಪದ, ಆದರೆ ಅದರಲ್ಲೂ ಬಿರುಸಿನ ಭಾವ ಇದೆ. ಸದ್ಯಕ್ಕೆ ‘ಎಳೆತ ತಾಳದ ಬಿಸಿ’ ಅಂತ ಬಿಡಿಸಿಯೇ ಬರೆದಿದ್ದೇನೆ.

ಮೇಲ್ಮೈಯಲ್ಲಿ ನಕ್ಷತ್ರದ ಹಾಗೆ ಕವಲೊಡೆಯುವ ನಕ್ಷತ್ರ ಬಿರುಕಿನ ಬಗ್ಗೆ ತಕರಾರಿಲ್ಲ. ಮೋಲ್ಡಿನ ಕೆಳಭಾಗ ಸವೆದು ತಾಮ್ರ ಸಿಪ್ಪೆಗೆ ಮೆತ್ತಿಕೊಳ್ಳುತ್ತದೆ. ತಾಮ್ರ 1085 ಡಿಗ್ರಿಯಲ್ಲೇ ಕರಗುತ್ತದೆ, ಕರಗಿ ಹರಳುಗಳ ಅಂಚಿಗೆ ಇಳಿದು ಅದನ್ನು ಸಡಿಲ ಮಾಡುತ್ತದೆ. ಮೋಲ್ಡಿಗೆ ನಿಕ್ಕಲ್ ಅಥವಾ ಕ್ರೋಮಿಯಂ ಲೇಪ ಕೊಡುವುದು ಇದಕ್ಕಾಗಿಯೂ ಹೌದು.

ನನ್ನ ಮುಖ್ಯ ಪ್ರಶ್ನೆ ಸ್ಲ್ಯಾಬಿನ ಒಳಗಿನ ಬಿರುಕಿನ ಬಗ್ಗೆ. ಇದು ಹುಟ್ಟುವುದು ಸಿಪ್ಪೆಗೂ ದ್ರವಕ್ಕೂ ನಡುವಿನ ಗಡಿಯಲ್ಲಿ. ಅಲ್ಲಿ ಹರಳಿನ ಕೊಂಬೆಗಳು ಬೆಳೆಯುತ್ತಿರುತ್ತವೆ, ಅವುಗಳ ಸಂದಿಯಲ್ಲಿ ಗಂಧಕ, ರಂಜಕ ತುಂಬಿದ ಕೊನೆಯ ದ್ರವ ಉಳಿದಿರುತ್ತದೆ. ರೋಲರ್‌ಗಳು ಸಾಲು ತಪ್ಪಿದ್ದರೆ, ಅಥವಾ ಎರಡು ರೋಲರ್‌ಗಳ ನಡುವೆ ಸಿಪ್ಪೆ ಒಳಗಿನ ದ್ರವದ ಒತ್ತಡಕ್ಕೆ ಉಬ್ಬಿದರೆ, ಈ ಗಡಿ ಎಳೆಯಲ್ಪಡುತ್ತದೆ. ಸ್ಪ್ರೇ ಒಮ್ಮೆಲೇ ಕಡಿಮೆಯಾಗಿ ಮೇಲ್ಮೈ ಮತ್ತೆ ಬಿಸಿಯೇರಿದರೂ ಅದೇ ಕಥೆ. ಇಲ್ಲಿ ಗಟ್ಟಿಯಾದದ್ದು ಏನೂ ಒಡೆಯಲಿಲ್ಲ. ಇನ್ನೂ ಕೂಡಿಕೊಳ್ಳದ ಹರಳುಗಳು ದೂರ ಸರಿದವು, ಎಷ್ಟೋ ಸಲ ಆ ಸಂದಿಗೆ ಪಕ್ಕದ ಕೊಳೆ ದ್ರವವೇ ಹರಿದು ತುಂಬಿಕೊಂಡಿರುತ್ತದೆ. ಇದನ್ನು ಬಿರುಕು ಅನ್ನಲು ನನಗೆ ಮನಸ್ಸಿಲ್ಲ. ‘ಒಳಬಿರಿತ’ ಆಗಬಹುದೇ? ಮೊಗ್ಗು ಬಿರಿಯುವುದರಲ್ಲಿ ಒಡೆಯುವ ಸದ್ದಿಲ್ಲವಲ್ಲ.

ಪದ ಬೇರೆ ಬೇಕು ಅನ್ನಲು ಇನ್ನೊಂದು ಕಾರಣವೂ ಇದೆ. ಮೇಲ್ಮೈ ಬಿರುಕಿಗೆ ಗಾಳಿ ತಗುಲಿ ಒಳಗೆ ಆಕ್ಸೈಡ್ ಕಟ್ಟುತ್ತದೆ, ಮುಂದೆ ಸ್ಲ್ಯಾಬನ್ನು ಒತ್ತಿ ತೆಳುವಾಗಿಸುವ ರೋಲಿಂಗಿನಲ್ಲಿ ಅದು ಬೆಸೆದುಕೊಳ್ಳುವುದಿಲ್ಲ. ಉಜ್ಜಿಯೋ ಸುಟ್ಟೋ ತೆಗೆಯಲೇಬೇಕು. ಒಳಗಿನದು ಗಾಳಿ ಕಾಣದ್ದು, ಒತ್ತಿದಾಗ ಎಷ್ಟೋ ಸಲ ಬೆಸೆದುಕೊಳ್ಳುತ್ತದೆ. ಹೆಸರು ಕೇಳಿದ ಕೂಡಲೇ ಒಳಗಿನದೋ ಹೊರಗಿನದೋ ಗೊತ್ತಾಗಬೇಕು.

‘ಗಂಧಕ ಬಿರುಕು’ ಅಂತ ಕಾರಣವನ್ನೇ ಹೆಸರಿನಲ್ಲಿ ಸೇರಿಸುವ ಸಲಹೆಯೂ ಬಂದಿತ್ತು. ಬೇಡ. ಗಂಧಕ ಕಡಿಮೆ ಇದ್ದು ಮ್ಯಾಂಗನೀಸ್ ಸಾಕಷ್ಟು ಇದ್ದರೆ ಅನುಕೂಲ ನಿಜ. ಆದರೆ ಆ ಹೆಸರು ಕೇಳಿದವರು ಉಕ್ಕನ್ನು ಬೈದು ಸುಮ್ಮನಾಗುತ್ತಾರೆ, ಸಾಲು ತಪ್ಪಿದ ರೋಲರ್ ಕಡೆ ತಿರುಗಿಯೂ ನೋಡುವುದಿಲ್ಲ.

ಕೊನೆಗೆ ಒಂದು ಚಿಕ್ಕ ಪದ ಬೇಕು. ಮೋಲ್ಡ್ ಸದಾ ಮೇಲೆ ಕೆಳಗೆ ಅಲುಗುತ್ತಿರುತ್ತದೆ, ಆಗ ಸಿಪ್ಪೆಯ ಮೇಲೆ ಅಡ್ಡಡ್ಡ ಗುರುತು ಬೀಳುತ್ತವೆ. ಅಡ್ಡ ಬಿರುಕು ಶುರುವಾಗುವುದು ಹೆಚ್ಚಾಗಿ ಇವುಗಳ ತಳದಲ್ಲೇ. ಅಲುಗಾಟವನ್ನು ಚಿಕ್ಕದು ಮಾಡಿ, ಹೆಚ್ಚು ಸಲ ಅಲುಗುವಂತೆ ಮಾಡಿದರೆ ಗುರುತಿನ ಆಳ ಕಡಿಮೆಯಾಗುತ್ತದೆ. ‘ಅಲುಗುಗೆರೆ’ ಅಂತ ಬರೆದಿದ್ದೇನೆ, ಆದರೆ ಗೆರೆ ಅಂದರೆ ಆಳವೇ ಇಲ್ಲ ಅನ್ನಿಸುತ್ತದೆ. ಗೀರು ಅಂದರೆ ಏನೋ ಉಜ್ಜಿಹೋದ ಹಾಗೆ. ‘ಮಡಿಕೆ’ ಹೇಗೆ? ಎರಕದ ಕೆಲಸದವರು ಯಾರಾದರೂ ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.