ಸಹಾಯ ಬೇಕು: ಇಂಗುಗುಂಡಿ ಕಟ್ಟಿಕೊಂಡಿದೆಯಾ, ಮಳೆಗಾಲದ ಒರತೆಯಾ?

ಅಂಕೋಲಾ ಹತ್ತಿರ ಗದ್ದೆ ಬದಿಯಲ್ಲಿ ನಮ್ಮ ಮನೆ. ಮಳೆ ಜೋರಾದಾಗಿನಿಂದ ಟಾಯ್ಲೆಟ್‌ಗೆ ನೀರು ಹಾಕಿದರೆ ತಕ್ಷಣ ಹೋಗಲ್ಲ, ಮೇಲೆ ಬಂದು ನಿಂತು ಆಮೇಲೆ ಗುಳುಗುಳು ಅಂತ ನಿಧಾನಕ್ಕೆ ಇಳಿಯುತ್ತದೆ. ಬಚ್ಚಲ ನೀರು ಬೇರೆ ಕಡೆ ಹೋಗುತ್ತದೆ, ಅದಕ್ಕೇನೂ ತೊಂದರೆ ಇಲ್ಲ. ಸೆಪ್ಟಿಕ್ ಟ್ಯಾಂಕಿನಿಂದ ಬಂದ ನೀರು ಮಣ್ಣಿಗೆ ಇಂಗುವ ಇಂಗುಗುಂಡಿ ಸುತ್ತ ಮಾತ್ರ ನೆಲ ಪಚಪಚ ಅನ್ನುತ್ತದೆ, ವಾಸನೆಯೂ ಇದೆ.

ಪ್ಲಂಬರ್ ಪೈಪಿನೊಳಗೆ ಸರಿಗೆ ಬಿಟ್ಟು ನೋಡಿದರು, ಎಲ್ಲೂ ಕಟ್ಟಿಲ್ಲ. ಗಾಡಿ ಕರೆಸಿ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿದೆವು. ಆಗಲೇ ಕಂಡಿದ್ದು, ಇಂಗುಗುಂಡಿ ಕಡೆಯ ಪೈಪಿನಿಂದ ನೀರು ವಾಪಸ್ ಟ್ಯಾಂಕಿಗೇ ಸುರಿಯುತ್ತಿತ್ತು! ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕೆಲವರು ಪೌಡರ್ ಹಾಕಿ ಅಂತಾರೆ, ನನಗಂತೂ ಅದರ ಮೇಲೆ ನಂಬಿಕೆ ಇಲ್ಲ.

ನಮ್ಮಲ್ಲಿ ಈಗ ಬಾವಿ ನೀರು ಕೈಗೆಟಕುವಷ್ಟು ಮೇಲಿದೆ, ಹಾಗಾಗಿ ಗುಂಡಿಯೂ ಒರತೆ ನೀರಿನಿಂದಲೇ ತುಂಬಿರಬಹುದು ಅಲ್ವಾ? ಹಾಗಿದ್ದರೆ ಮಳೆ ನಿಂತ ಮೇಲೆ ತಾನಾಗೇ ಸರಿಹೋಗಬೇಕು. ಆದರೆ ಗುಂಡಿ ಹಳೆಯದು, ಒಳಗೆ ಕೆಸರು ಕಟ್ಟಿ ಗೋಡೆಯ ಚಿರೇಕಲ್ಲಿನ (ಜಂಬಿಟ್ಟಿಗೆಯ) ಸಂದು ಮುಚ್ಚಿದ್ದರೂ ಹೀಗೇ ಆಗುತ್ತದಂತೆ. ಬಾವಿ ನೀರನ್ನು ಸದ್ಯಕ್ಕೆ ಕುದಿಸಿಯೇ ಕುಡಿಯುತ್ತಿದ್ದೇವೆ.

ಇವೆರಡರಲ್ಲಿ ಯಾವುದು ಅಂತ ಗುಂಡಿ ಅಗೆಯದೆ ಈಗಲೇ ತಿಳಿಯೋದು ಹೇಗೆ? ಕರಾವಳಿ ಕಡೆ ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.