ಆರಿದ್ರಾ ಚಿಕ್ಕಿ ಸಿಡಿಯುತ್ತಾ? ಅಕ್ಕೋರ ಜೊತೆ ಪ್ರಶ್ನೋತ್ತರ

ಅಡ್ಮಿನ್ (ಕಲಬುರಗಿ): ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿ ಏಳೂವರೆಯಿಂದ ಅಕ್ಕೋರು ಗುಂಪಿನಲ್ಲಿ ಇರುತ್ತಾರೆ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾರೆ, ಪಿಎಚ್‌ಡಿ ಮಾಡಿದ್ದು ನಕ್ಷತ್ರಗಳ ಮೇಲೆ. ನಕ್ಷತ್ರಕ್ಕೆ ಹೇಗೆ ವಯಸ್ಸಾಗುತ್ತೆ, ಹೇಗೆ ಸಾಯುತ್ತೆ ಅಂತ ಕೇಳಿ. ಫಾರ್ವರ್ಡ್ ಹಾಕಬೇಡಿ.

ಆಳಂದ: ಅಕ್ಕೋರೆ, ಸೂರ್ಯನ ಇಂಧನ ಯಾವಾಗ ಮುಗಿಯುತ್ತೆ? ಮುಗಿದ ಮೇಲೆ ಸಿಡಿಯುತ್ತಾ?

ಅಕ್ಕೋರು: ಸಿಡಿಯಲ್ಲ, ಅಷ್ಟು ತೂಕ ಇಲ್ಲ. ಈಗ ವಯಸ್ಸು ಸುಮಾರು 460 ಕೋಟಿ ವರ್ಷ. ಇನ್ನೂ 500 ಕೋಟಿ ವರ್ಷಕ್ಕೆ ಸಾಲುವಷ್ಟು ಹೈಡ್ರೋಜನ್ ನಡುವಿನಲ್ಲಿದೆ. ಅದು ಮುಗಿದಾಗ ನಡುಭಾಗ ಕುಗ್ಗುತ್ತೆ, ಕುಗ್ಗಿದಷ್ಟೂ ಕಾಯುತ್ತೆ, ಆ ಬಿಸಿಗೆ ಹೊರಗಿನ ಪದರ ಉಬ್ಬಿ ಕೆಂಪಗಾಗುತ್ತೆ. ನಮ್ಮ ರೋಹಿಣಿ ನಕ್ಷತ್ರ ಆಗಲೇ ಹಾಗೆ ಉಬ್ಬಿದೆ. ಕೊನೆಗೆ ಹೊರಪದರ ಕಳಚಿಹೋಗಿ ಹೆಚ್ಚುಕಡಿಮೆ ಭೂಮಿಯ ಗಾತ್ರದ ಶ್ವೇತಕುಬ್ಜ ಉಳಿಯುತ್ತೆ. ಅದರೊಳಗೆ ಏನೂ ಉರಿಯಲ್ಲ. ರೊಟ್ಟಿ ಬಡಿದು ಒಲೆ ಆರಿಸಿದ ಮೇಲೂ ಹಂಚು ಬಿಸಿ ಇರುತ್ತಲ್ಲ, ಹಾಗೆ ಕೋಟ್ಯಂತರ ವರ್ಷ ತಣ್ಣಗಾಗುತ್ತಾ ಇರುತ್ತೆ.

ಹುಮನಾಬಾದ್: ದೊಡ್ಡ ನಕ್ಷತ್ರದಲ್ಲಿ ಇಂಧನ ಜಾಸ್ತಿ ಅಲ್ವಾ, ಜಾಸ್ತಿ ಕಾಲ ಬದುಕಬೇಕಲ್ಲ?

ಅಕ್ಕೋರು: ಉಲ್ಟಾ. ಲಾರಿಯ ಟ್ಯಾಂಕ್ ದೊಡ್ಡದು, ಮೈಲೇಜ್ ನೋಡಿ. ಆರಿದ್ರಾ ಅಂಥದ್ದೇ ದೊಡ್ಡ ನಕ್ಷತ್ರ, ಹುಟ್ಟಿ ಸುಮಾರು ಒಂದು ಕೋಟಿ ವರ್ಷ ಅಷ್ಟೇ, ಆಗಲೇ ಮುಪ್ಪು ಬಂದಿದೆ.

ಸುರಪುರ: ಹತ್ತು ಸಾವಿರದೊಳಗೆ ಯಾವ ಟೆಲಿಸ್ಕೋಪ್ ತಗೋಬಹುದು ಮೇಡಂ?

ಸೇಡಂ: ಅಕ್ಕೋರೆ, ಆರಿದ್ರಾ ಚಿಕ್ಕಿ ಈ ವಾರ ಸಿಡಿಯುತ್ತೆ ಅಂತ ಮೆಸೇಜ್ ಬಂದಿದೆ. ಮೂರು ದಿನ ಕಿಟಕಿ ಮುಚ್ಚಿ, ನೀರಿಗೆ ದರ್ಭೆ ಹಾಕಿ, ಬಸುರಿ ಹೆಂಗಸರು ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟಬಾರದು ಅಂತ ಇದೆ. ನಮ್ಮ ಸೊಸೆಗೆ ಏಳು ತಿಂಗಳು. ನಿನ್ನೆಯಿಂದ ಒಳಕೋಣೆಯಲ್ಲೇ ಇಟ್ಟಿದ್ದೀವಿ, ಕಿಟಕಿಗೆ ಗೋಣಿಚೀಲ ಕಟ್ಟಿದ್ದೀವಿ. ತಲೆ ತಿರುಗುತ್ತೆ ಅಂತಾಳೆ. ಆ ಕಿರಣಕ್ಕೇ ಹಾಗಾಗಿದೆಯಾ?

ಅಕ್ಕೋರು: ಕಾಕಾ, ಮೊದಲು ಗೋಣಿಚೀಲ ಬಿಚ್ಚಿ, ಅವಳಿಗೆ ನೀರು ಕೊಡಿ, ಆಮೇಲೆ ಇದನ್ನು ಓದಿ. ಏಪ್ರಿಲ್ ತಿಂಗಳು, ನಮ್ಮ ಕಡೆ ಬಿಸಿಲು ಹೇಗಿದೆ ಅಂತ ನಿಮಗೆ ನಾನು ಹೇಳಬೇಕಾ? ಏಳು ತಿಂಗಳ ಬಸುರಿ ಗಾಳಿ ಇಲ್ಲದ ಕೋಣೆಯಲ್ಲಿ ರಾತ್ರಿಯಿಡೀ ನೀರಿಲ್ಲದೆ ಇದ್ದರೆ ತಲೆ ತಿರುಗದೆ ಇರುತ್ತಾ? ಕಿರಣ ಅಲ್ಲ ಅದು. ನಾನು ಡಾಕ್ಟರ್ ಅಲ್ಲ, ಅದಕ್ಕೇ ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ. ಇವತ್ತು ರಾತ್ರಿ ತಲೆ ತಿರುಗೋದು ನಿಲ್ಲದಿದ್ದರೆ, ಮಗು ಅಲುಗೋದು ಕಡಿಮೆ ಅನ್ನಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಚಿಕ್ಕಿ ವಿಷಯ. ಮಾಳಿಗೆ ಹತ್ತಿ ಹೊತ್ತು ಮುಳುಗುವ ಕಡೆ ನೋಡಿ. ಒಂದೇ ಸಾಲಿನಲ್ಲಿ ಮೂರು ಚಿಕ್ಕಿ ಇವೆ. ಅವುಗಳ ಬಲಕ್ಕೆ, ಸ್ವಲ್ಪ ಮೇಲೆ, ಕೆಂಡದ ಬಣ್ಣದ್ದು ಒಂದಿದೆ, ಅದೇ ಆರಿದ್ರಾ. ದೂರ 500ರಿಂದ 700 ಜ್ಯೋತಿರ್ವರ್ಷ, ಅಂದರೆ ಅಲ್ಲಿಂದ ಬೆಳಕು ಇಲ್ಲಿಗೆ ಬರೋಕೆ ಅಷ್ಟು ವರ್ಷ ಬೇಕು. ಇವತ್ತು ನಿಮ್ಮ ಕಣ್ಣಿಗೆ ಬೀಳುವ ಬೆಳಕು ಬಹಮನಿ ಸುಲ್ತಾನರು ಇಲ್ಲಿ ಆಳುತ್ತಿದ್ದಾಗ ಅಲ್ಲಿಂದ ಹೊರಟದ್ದು. ಅದು ಒಂದು ದಿನ ಸಿಡಿಯೋದು ನಿಜ. ಅಷ್ಟು ದೊಡ್ಡ ನಕ್ಷತ್ರ ಹೀಲಿಯಂ, ಕಾರ್ಬನ್, ಆಮ್ಲಜನಕ ಅಂತ ಒಂದೊಂದನ್ನೇ ಬೆಸೆದು ಬೆಸೆದು ಕೊನೆಗೆ ನಡುವಿನಲ್ಲಿ ಕಬ್ಬಿಣ ಮಾಡಿಕೊಳ್ಳುತ್ತೆ. ಕಬ್ಬಿಣ ಬೆಸೆದರೆ ಶಕ್ತಿ ಹುಟ್ಟಲ್ಲ, ಖರ್ಚಾಗುತ್ತೆ. ಮೇಲಿನ ಭಾರ ಹೊರುವವರಿಲ್ಲದೆ ನಡುಭಾಗ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತೆ, ಹೊರಗಿನದು ಸಿಡಿದುಹೋಗುತ್ತೆ. ಆದರೆ ಈ ವಾರ ಅಂತ ಹೇಳೋಕೆ ಯಾರಿಗೂ ಬರಲ್ಲ. ಮುಂದಿನ ಒಂದು ಲಕ್ಷ ವರ್ಷದೊಳಗೆ ಅಂತ ಲೆಕ್ಕ. 2019ರ ಕೊನೆಗೆ ಅದು ಮಂಕಾದಾಗಲೂ ಇದೇ ಗಲಾಟೆ ಆಗಿತ್ತು. ನಕ್ಷತ್ರವೇ ಕಾರಿದ ಅನಿಲ ತಣ್ಣಗಾಗಿ ಧೂಳಾಗಿ ಬೆಳಕಿಗೆ ಅಡ್ಡ ಬಂದಿತ್ತು. 2020ರಲ್ಲಿ ಮತ್ತೆ ಮೊದಲಿನ ಹಾಗೆ ಹೊಳೆಯಿತು. ಸಿಡಿದರೂ ಅಷ್ಟು ದೂರದಿಂದ ನಮಗೆ ಅಪಾಯ ಇಲ್ಲ, ಹಗಲಲ್ಲೂ ಒಂದು ಚಿಕ್ಕಿ ಕಾಣುತ್ತೆ ಅಷ್ಟೇ. 1054ರಲ್ಲಿ ಬೇರೆ ಒಂದು ನಕ್ಷತ್ರ ಸಿಡಿದದ್ದು ಹಗಲಲ್ಲೇ 23 ದಿನ ಕಂಡಿತ್ತು ಅಂತ ಚೀನಾದವರು ಬರೆದಿಟ್ಟಿದ್ದಾರೆ.

ದರ್ಭೆ ಹಾಕಿದ ನೀರು ಕುಡಿಯೋದು ನಿಮ್ಮಿಷ್ಟ. ನೀರು ಬಿಡಿಸೋದು ಮಾತ್ರ ತಪ್ಪು.

ಜೇವರ್ಗಿ: ನೀವು ಆರಿದ್ರಾ ಅಂದರೆ ಬರೀ ಅನಿಲದ ಉಂಡೆ ಅಂತೀರಿ. ಆರಿದ್ರಾ ಮಳೆ ನೋಡಿ ಬಿತ್ತಿದ ಹಿರಿಯರು ದಡ್ಡರಾ?

ಶಹಾಪುರ: ಯಾರು ದಡ್ಡರು ಅಂದರು ರೀ? ಮಳೆ ಲೆಕ್ಕ ಬೇರೆ, ಬಸುರಿಗೆ ನೀರು ಕೊಡಬೇಡಿ ಅನ್ನೋದು ಬೇರೆ.

ಜೇವರ್ಗಿ: ನಾನೂ ಆ ಮೆಸೇಜ್ ಹತ್ತು ಜನಕ್ಕೆ ಕಳಿಸಿದ್ದೀನಿ. ಒಳ್ಳೇದಕ್ಕೇ ಕಳಿಸಿದ್ದು.

ಶಹಾಪುರ: ಹಾಗಾದರೆ ಆ ಹತ್ತು ಜನಕ್ಕೂ ಫೋನ್ ಮಾಡಿ ಸುಳ್ಳು ಅಂತ ಹೇಳಿ. ಇವತ್ತೇ ಹೇಳಿ.

ಜೇವರ್ಗಿ: ನನಗೆ ಬುದ್ಧಿ ಹೇಳೋಕೆ ನೀವು ಯಾರು?

ಅಕ್ಕೋರು: ಜೂನ್ 22ರ ಆಸುಪಾಸು ಸೂರ್ಯ ಆರಿದ್ರಾಕ್ಕೆ ಬರುತ್ತಾನೆ, ನಮ್ಮ ಕಡೆ ಮಳೆ ಹಿಡಿಯುವ ಹೊತ್ತೂ ಅದೇ. ಸೂರ್ಯನ ಬೆಳಕಿಗೆ ಆಗ ಆ ಚಿಕ್ಕಿ ಕಾಣೋದೂ ಇಲ್ಲ. ಅದು ಕಾಲದ ಗುರುತು, ನಮ್ಮಪ್ಪನೂ ಅದನ್ನು ನೋಡಿಯೇ ತೊಗರಿ ಬಿತ್ತುತ್ತಿದ್ದರು. ಶಹಾಪುರದವರು ಹೇಳಿದ್ದು ಸರಿ, ಫೋನ್ ಮಾಡಿ.

ಭಾಲ್ಕಿ: ಮೇಡಂ, ಸೂರ್ಯ ಯಾವಾಗ ಸಾಯ್ತಾನೆ?

ಅಕ್ಕೋರು: ಮೇಲೆ ಇದೆ.

ಚಿತ್ತಾಪುರ: ಯಾವುದು ಶ್ವೇತಕುಬ್ಜ ಆಗುತ್ತೆ, ಯಾವುದು ಆಗಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಅಕ್ಕೋರು: ಉಳಿಯುವ ನಡುಭಾಗದ ತೂಕದಿಂದ. ಸೂರ್ಯನ 1.4 ಪಟ್ಟು ಮೀರಿದರೆ ಶ್ವೇತಕುಬ್ಜವಾಗಿ ನಿಲ್ಲಲ್ಲ, ಇನ್ನೂ ಕುಗ್ಗಿ ಒಂದು ನಗರದಷ್ಟಾದ ನ್ಯೂಟ್ರಾನ್ ನಕ್ಷತ್ರ, ಇಲ್ಲವೇ ಬೆಳಕೂ ಹೊರಬರಲಾಗದ ಕಪ್ಪುಕುಳಿ ಆಗುತ್ತೆ. 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಈ ಲೆಕ್ಕ ಶುರು ಮಾಡಿದ್ದು ಎಸ್. ಚಂದ್ರಶೇಖರ್, ಆಗ ವಯಸ್ಸು 19. ಆಗಿನ ಹೆಸರಾಂತ ಖಗೋಳ ವಿಜ್ಞಾನಿ ಎಡಿಂಗ್ಟನ್ ಅಂಥವರೇ ಅದನ್ನು ತುಂಬಿದ ಸಭೆಯಲ್ಲಿ ಅಲ್ಲಗಳೆದರು. ನೊಬೆಲ್ ಬಂದದ್ದು 1983ರಲ್ಲಿ. ನಾನು ಈ ವಿಷಯ ಹಿಡಿದದ್ದೇ ಅವರ ಕಥೆ ಓದಿ.

ಯಾದಗಿರಿ: ಕಪ್ಪುಕುಳಿ ಒಳಗೆ ಬಿದ್ದರೆ ಏನಾಗುತ್ತೆ?

ಜೇವರ್ಗಿ: ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು. ಕೆಳಗಿನ ಮೆಸೇಜ್ ಓದಿ.

ಅಡ್ಮಿನ್: ಮೆಸೇಜ್ ಅಳಿಸಿದ್ದೀನಿ. ಇನ್ನೊಂದು ಸಲ ಹಾಕಿದರೆ ಗುಂಪಿನಿಂದ ತೆಗೀತೀನಿ.

ಭಾಲ್ಕಿ: ಮೇಲೆ ಸಿಗಲಿಲ್ಲ ಮೇಡಂ, ಸೂರ್ಯ ಯಾವಾಗ?

ಅಕ್ಕೋರು: 500 ಕೋಟಿ ವರ್ಷ. ಸೇಡಂ ಕಾಕಾ, ನಿಮ್ಮಿಂದ ಉತ್ತರ ಬಂದಿಲ್ಲ. ಕಿಟಕಿ ತೆಗೆದಿರಾ?

ಶಹಾಪುರ: ಕಾಕಾ, ಒಂದು ಮಾತು ಹೇಳಿ.

ಸೇಡಂ: ತೆಗೆದೆವು ಅಕ್ಕೋರೆ. ಮಾಳಿಗೆ ಮೇಲೆ ಹಾಸಿಗೆ ಹಾಕಿದ್ದೀವಿ, ಎರಡು ಲೋಟ ಮಜ್ಜಿಗೆ ಕುಡಿದಳು. ತಲೆ ತಿರುಗೋದು ಕಡಿಮೆ ಆಗಿದೆಯಂತೆ, ಮಗು ಅಲುಗುತ್ತಿದೆ. ಆ ಕೆಂಪು ಚಿಕ್ಕಿ ಅವಳೇ ಹುಡುಕಿದಳು.

ಅಕ್ಕೋರು: ರಾತ್ರಿ ತಲೆದಿಂಬಿನ ಹತ್ತಿರ ನೀರು ಇಡಿ. ಬೆಳಿಗ್ಗೆ ಡಾಕ್ಟರ್ ಏನಂದರು ಅಂತ ನನಗೆ ತಿಳಿಸಿ, ನಾನು ಕಾಯ್ತಿರ್ತೀನಿ.