ಹುಬ್ಬಳ್ಳಿಗೆ ಮರಳಿದ ಮ್ಯಾಲ ಮಕ್ಕಳಿಗೆ ಲೇಖಕರ ಮಾತುಕತೆ ಸಿಗತಾವೇನ್ರಿ?

ಲೀಡ್ಸ್, ಮೂಲ ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ್ರಿ. ಬರೋ ಏಪ್ರಿಲ್‌ಗೆ ಹುಬ್ಬಳ್ಳಿಗೆ ಕಾಯಂ ಮರಳೋದು ನಿಕ್ಕಿ ಆಗೇದ. ಮಗಳಿಗೆ 11, ಮಗಗ 8. ಮನಿದು, ಶಾಲಿದು ಹೆಂಗೋ ಆಗತದ, ನನ್ನ ಚಿಂತಿ ಬ್ಯಾರೆ. ಇಲ್ಲಿ ಓಣಿ ಲೈಬ್ರರಿಗೆ ಲೇಖಕರು ಬರ್ತಾರ, ಓದಿ ತೋರಸ್ತಾರ, ಮಕ್ಕಳು ಕೇಳಿದ್ದಕ್ಕೆಲ್ಲಾ ಉತ್ತರ ಕೊಡ್ತಾರ, ರೊಕ್ಕ ಇಲ್ಲ. ಬ್ಯಾಸಗಿಗೆ ಆರು ಪುಸ್ತಕ ಓದೋ ಸಮ್ಮರ್ ರೀಡಿಂಗ್ ಚಾಲೆಂಜ್, ಮಾರ್ಚ್ ಮೊದಲನೇ ಗುರುವಾರ ವರ್ಲ್ಡ್ ಬುಕ್ ಡೇ. ಇಬ್ಬರಿಗೂ ಕನ್ನಡ ಮಾತು ಬರ್ತದ, ಓದೋದು ಅಷ್ಟಕ್ಕಷ್ಟ. ಹುಬ್ಬಳ್ಳಿ-ಧಾರವಾಡದಾಗ ಮಕ್ಕಳಿಗಂತ ಇಂಥಾದ್ದು ನಡೀತದೇನು? ಇಲ್ಲಂದ್ರ ಮಾಡಸಾಕ ಯಾರನ್ನ ಕೇಳಬೇಕು?

ಡಲ್ಲಾಸ್, ಮೂಲ ಧಾರವಾಡ:
ಅಕ್ಕಾರ, ಇದೇನು ಕೇಳೋ ಮಾತೇನ್ರಿ! ಧಾರವಾಡದಾಗ ಕಲ್ಲು ಒಗದ್ರ ಸಾಹಿತಿ ಮನಿ ಮ್ಯಾಲೇ ಬೀಳತದ. ಬೇಂದ್ರೆ ಅಜ್ಜನ ಸಾಧನಕೇರಿ ಐತಿ, 1890ರ ವಿದ್ಯಾವರ್ಧಕ ಸಂಘ ಐತಿ, 1933ರಿಂದ ಪುಸ್ತಕ ಹಾಕೋ ಮನೋಹರ ಗ್ರಂಥಮಾಲೆ ಐತಿ, ಸಾಹಿತಿಗಳು ಕೂಡೋ ಅದರ ಅಟ್ಟ ಐತಿ. ಬೇಂದ್ರೆ, ಗೋಕಾಕ, ಕಾರ್ನಾಡ ಅಂತ ಜ್ಞಾನಪೀಠದ ಸಾಲೇ ಐತಿ. ಲೀಡ್ಸ್‌ನಾಗ ಏನೈತ್ರಿ?

ದುಬೈ, ಮೂಲ ಹಾವೇರಿ:
ಲೇಖಕರು, ಲೈಬ್ರರಿ ಎಲ್ಲಾ ಆಮ್ಯಾಲೆ. 11 ತುಂಬಿದ ಹುಡುಗಿನ ಈಗ ಕರ್ಕೊಂಡು ಹೋಗೋದೇ ತಪ್ಪು. ಮರಳೋದಿದ್ರ ಆರು ವರ್ಷದೊಳಗ ಮರಳಬೇಕು. ಇಲ್ಲಂದ್ರ ಹತ್ತನೇತ್ತ ಮುಗಿಯೋತನಾ ಸುಮ್ನಿರಬೇಕು. ಇದನ್ನ ಈ ಗುಂಪಿನಾಗ ಎಷ್ಟು ಸಲ ಹೇಳಬೇಕೋ ಏನೋ.

ಧಾರವಾಡ, ಗ್ರಂಥಾಲಯ ಕೆಲಸದವರು:
ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಧಾರವಾಡದಲ್ಲಿ ಬಿಟ್ಟಿ ಉಪನ್ಯಾಸಕ್ಕೆ ಬರವಿಲ್ಲ. ವಿದ್ಯಾವರ್ಧಕ ಸಂಘದ ದತ್ತಿ ಕಾರ್ಯಕ್ರಮಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಆದರೆ ಅವು ದೊಡ್ಡವರ ಸಭೆಗಳು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು-ಹಾರ, ಅಧ್ಯಕ್ಷರ ಮಾತು, ವಂದನಾರ್ಪಣೆ. ಲೇಖಕರ ಪಾಲಿಗೆ ಉಳಿಯುವುದು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಎಂಟು ವರ್ಷದ ಹುಡುಗ ಕುರ್ಚಿ ಕೆಳಗೆ ಸೇರಿರುತ್ತಾನೆ. ಮಕ್ಕಳಿಗೆ ಬೇಕಾದದ್ದು ಸಂವಾದ, ಅದನ್ನು ಬಹುಪಾಲು ನೀವೇ ಕೇಳಿ ಮಾಡಿಸಿಕೊಳ್ಳಬೇಕು.

ಊರೊಳಗಿನ ಸಾರ್ವಜನಿಕ ಗ್ರಂಥಾಲಯವಾದರೆ ಅಲ್ಲಿನ ಗ್ರಂಥಾಲಯ ಅಧಿಕಾರಿಗೆ ಕನಿಷ್ಠ ಒಂದು ತಿಂಗಳು ಮುಂಚೆ ಪತ್ರ ಕೊಡಿ. ಒಂದೇ ಪುಟ ಸಾಕು: ಯಾವ ಪುಸ್ತಕ, ಯಾರು ಬರುತ್ತಾರೆ, ಮಕ್ಕಳೆಷ್ಟು, ಅನುಕೂಲದ ಎರಡು ದಿನಾಂಕ. ಕಡೆಗೆ ‘ಸನ್ಮಾನ, ಉದ್ಘಾಟನೆ ಇರುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ. ಇದನ್ನು ಬಿಟ್ಟರೆ ವೇದಿಕೆ, ಬ್ಯಾನರ್, ಅತಿಥಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಸೋಮವಾರ ಸಾಮಾನ್ಯವಾಗಿ ರಜೆ. ಭಾನುವಾರ ಬೆಳಿಗ್ಗೆ ಹತ್ತೂವರೆ ಒಳ್ಳೆಯ ಹೊತ್ತು.

ಹಳ್ಳಿಯದಾದರೆ ದಾರಿ ಬೇರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದಿವೆ, ಈಗ ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿ ಕೇಳಬೇಕಾದವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಗ್ರಂಥಾಲಯದ ಮೇಲ್ವಿಚಾರಕರು. ‘ಓದುವ ಬೆಳಕು’ ಅಭಿಯಾನ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಜ್ಜಿಯ ಊರು ಹಳ್ಳಿಯಾಗಿದ್ದರೆ ಅಲ್ಲಿಂದಲೇ ಶುರು ಮಾಡಿ, ಒಪ್ಪಿಗೆ ಬೇಗ ಸಿಗುತ್ತದೆ.

ಇನ್ನು ಜಾಗ. ಧಾರವಾಡದ ವಾಚನಾಲಯ ಎಂದರೆ ಬಾಗಿಲು ತೆಗೆಯುವ ಮೊದಲೇ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ಚೀಲ ಇಟ್ಟು ಕುರ್ಚಿ ಹಿಡಿದಿರುತ್ತಾರೆ. ಅವರ ನಡುವೆ ಮಕ್ಕಳ ಕಾರ್ಯಕ್ರಮ ಇಟ್ಟರೆ ಐದನೇ ನಿಮಿಷಕ್ಕೆ ‘ಶ್’ ಶುರು, ಹತ್ತನೇ ನಿಮಿಷಕ್ಕೆ ತಕರಾರು. ತಪ್ಪು ಅವರದಲ್ಲ. ಮಕ್ಕಳ ವಿಭಾಗಕ್ಕೆ ಬೇರೆ ಕೋಣೆ ಇದೆಯೇ ನೋಡಿ. ಇಲ್ಲದಿದ್ದರೆ ಗ್ರಂಥಾಲಯದ ಹೆಸರಿನಲ್ಲೇ ಪಕ್ಕದ ಶಾಲೆಯ ಕೋಣೆ ಕೇಳಿ.

25 ಮಕ್ಕಳು ಸಾಕು, 40 ದಾಟಿದರೆ ಮತ್ತೆ ಸಭೆಯೇ. ನೆಲದ ಮೇಲೆ ಜಮಖಾನೆ ಹಾಸಿ ಅರ್ಧ ವೃತ್ತದಲ್ಲಿ ಕೂರಿಸಿ, ಲೇಖಕರಿಗೆ ಗಿಡ್ಡ ಕುರ್ಚಿ. (ನವಲಗುಂದದ ಜಮಖಾನೆ ಸಿಕ್ಕರೆ ಕಥೆಗೆ ಮೊದಲು ಅದರ ನವಿಲನ್ನೇ ನೋಡುತ್ತಾರೆ, ನೋಡಲಿ.) ಫ್ಯಾನಿನ ಸದ್ದಿಗೆ ಮೆಲುದನಿ ಕೇಳುವುದಿಲ್ಲ, ಬ್ಯಾಟರಿಯ ಸಣ್ಣ ಸ್ಪೀಕರ್ ಇಟ್ಟುಕೊಳ್ಳಿ, ಕರೆಂಟ್ ಹೋದರೂ ನಡೆಯುತ್ತದೆ. ಹತ್ತು ನಿಮಿಷ ಓದು, ಹದಿನೈದು ನಿಮಿಷ ಪುಸ್ತಕ ಹೇಗೆ ಆಯಿತು ಎನ್ನುವುದು, ಇಪ್ಪತ್ತು ನಿಮಿಷ ಪ್ರಶ್ನೆ. ಸಾಧ್ಯವಾದರೆ ಹೊಡೆದು ತಿದ್ದಿದ ಹಸ್ತಪ್ರತಿಯ ಒಂದು ಹಾಳೆ ತರಲು ಲೇಖಕರಿಗೆ ಹೇಳಿ. ಅದು ಕೈಯಿಂದ ಕೈಗೆ ಹೋಗುವಾಗ ಬರುವಷ್ಟು ಪ್ರಶ್ನೆ ಭಾಷಣಕ್ಕೆ ಬರುವುದಿಲ್ಲ.

ಹೆಚ್ಚಾಗಿ ಕೆಡುವುದು ಒಂದೇ ಕಾರಣಕ್ಕೆ, ಮಕ್ಕಳು ಪುಸ್ತಕ ಓದಿರುವುದಿಲ್ಲ. ಆಗ ಬರುವ ಪ್ರಶ್ನೆ ‘ನಿಮಗೆ ಪ್ರೇರಣೆ ಯಾರು’ ಒಂದೇ, ಅದೂ ಮಾಸ್ತರು ಬರೆಸಿದ್ದು. ಮೂರು ವಾರ ಮುಂಚೆ ಎಂಟು ಪ್ರತಿ ಕೊಂಡು ಮಕ್ಕಳ ನಡುವೆ ಸರದಿಯಲ್ಲಿ ಓದಲು ಬಿಡಿ. ಒಬ್ಬೊಬ್ಬರಿಗೆ ಐದು ದಿನ ಕೊಟ್ಟರೂ 25 ಮಕ್ಕಳಿಗೆ ಮುಟ್ಟುತ್ತದೆ. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿ ಡಬ್ಬಿಗೆ ಹಾಕಿಸಿ. ಇಂಗ್ಲಂಡಿನಿಂದ ಬಂದವರು ಕೈ ಎತ್ತುತ್ತಾರೆ, ಇಲ್ಲಿಯವರು ಮಾಸ್ತರ ಮುಖ ನೋಡುತ್ತಾರೆ. ಚೀಟಿ ಇದ್ದರೆ ಇಬ್ಬರೂ ಸಮ.

ಲೇಖಕರಿಗೆ ಬಸ್ ಖರ್ಚಾದರೂ ಕೊಡಬೇಕು. ಕಾರ್ಯಕ್ರಮ ಬಿಟ್ಟಿ ಎಂದರೆ ಕೇಳುವವರಿಗೆ ಬಿಟ್ಟಿ, ಬರೆಯುವವರ ಕಿಸೆಯಿಂದ ಅಲ್ಲ.

ದುಬೈ, ಮೂಲ ಹಾವೇರಿ:
ಇಷ್ಟುದ್ದ ಬರದ್ರಿ ಸರ, ಮೂಲ ಪ್ರಶ್ನಿ ಬಿಟ್ರಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಶಾಲಿಯೊಳಗೂ ಕನ್ನಡ ಕಲೀಲೇಬೇಕು. ಆರನೇತ್ತದಾಗ ಹೋಗಿ ಕುಂತ ಹುಡುಗಿ ಒತ್ತಕ್ಷರ ಕಲೀಬೇಕೋ, ಲೇಖಕರ ಮಾತು ಕೇಳಬೇಕೋ? ಮನಿಯೊಳಗ ಮೊದಲಿಂದ ಓದಿಸಿದ್ರ ಈ ಚಿಂತಿನೇ ಇರ್ತಿರಲಿಲ್ಲ.

ನ್ಯೂಜೆರ್ಸಿ, ಮೂಲ ಹುಬ್ಬಳ್ಳಿ:
ಕಾಕಾ, ಒತ್ತಕ್ಷರ ಕಲಿಯೋ ಹುಡುಗರಿಗೇ ಇಂಥಾದ್ದು ಬೇಕಾಗಿರೋದು. ಹೊರಗಿಂದ ಬಂದ ಮಕ್ಕಳಿಗೆ ರಿಯಾಯಿತಿ ಐತೇನು ಅಂತ ಶಾಲಿಯೊಳಗ ಕೇಳಬಹುದು, ಅದು ಬ್ಯಾರೆ ಮಾತು. ಅಕ್ಕಾರ, ಲೈಬ್ರರಿಗೆ ಹೋಗಿ ಕೇಳಾಕ ಸಂಕೋಚ ಬ್ಯಾಡ. 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗಿ ಮ್ಯಾಲ ನೂರಕ್ಕ ಆರು ಗ್ರಂಥಾಲಯ ಕರ ಐತಿ. ಬೀಗ ಹಾಕಿದ ನಮ್ಮ ಮನಿಗೂ ಕಟ್ಟತೇವಿ, ಚಲನ್ ತಗದು ನೋಡ್ರಿ. ಇಲ್ಲಿ ಅಮೆರಿಕಾದಾಗೂ ಲೈಬ್ರರಿ ಕೋಣಿ ಬಿಟ್ಟಿ ಸಿಗೋದು ಜನರ ತೆರಿಗಿಯಿಂದನ.

ಡಲ್ಲಾಸ್, ಮೂಲ ಧಾರವಾಡ:
ಖರೆ. ಆದ್ರ ಅಮೆರಿಕಾದಾಗ ಇರೋರು ಒಂದು ನೆನಪಿಡ್ರಿ. ಮಕ್ಕಳನ್ನ ನೋಡಾಕ ಬಿ-2 ಅನ್ನೋ ಪ್ರವಾಸಿ ವೀಸಾದಾಗ ಬಂದ ಲೇಖಕರನ್ನ ಲೈಬ್ರರಿಗೆ ಕರಸ್ತೀವಿ, ಕೈಗೊಂದು ಕವರ್ ಕೊಡ್ತೀವಿ. ಆ ವೀಸಾದಾಗ ಗೌರವಧನಕ್ಕ ಇರೋ ವಿನಾಯಿತಿ ವಿಶ್ವವಿದ್ಯಾಲಯದಂಥಾ ಸಂಸ್ಥೆಗಳಿಗೆ, ಅದೂ ಒಂದೊಂದು ಕಡೆ ಒಂಬತ್ತು ದಿನದೊಳಗ, ಆರು ತಿಂಗಳಿಗೆ ಐದೇ ಸಂಸ್ಥೆ. ನಮ್ಮ ಕನ್ನಡ ಕೂಟಕ್ಕ ಅದು ಬರಂಗಿಲ್ಲ. ರೊಕ್ಕ ಕೊಡಬ್ಯಾಡ್ರಿ.

ಮೆಲ್ಬರ್ನ್, ಮೂಲ ಗದಗ:
ಅಕ್ಕಾರ, ಏಪ್ರಿಲ್‌ತನಾ ಯಾಕ ಕಾಯ್ತೀರಿ? ಧಾರವಾಡದ ಲೇಖಕರನ್ನ ಈಗಲೇ ಆನ್‌ಲೈನ್ ಕೂರಸ್ರಿ. ಅಲ್ಲಿ ಮಧ್ಯಾಹ್ನ 3 ಅಂದ್ರ ನಿಮಗ ಚಳಿಗಾಲದಾಗ ಬೆಳಿಗ್ಗೆ ಒಂಬತ್ತೂವರೆ, ಮಾರ್ಚ್ ಕಡೀಕ ಗಡಿಯಾರ ಮುಂದ ಹಾಕಿದ ಮ್ಯಾಲ ಹತ್ತೂವರೆ. ನಮಗ ರಾತ್ರಿ ಆಗತದ, ನಡೀತದ. ಅರ್ಧ ತಾಸಿನ ಮ್ಯಾಲ ಎಳೀಬ್ಯಾಡ್ರಿ, ಮಕ್ಕಳ ಮಾರಿ ಕಾಣೋ ರೆಕಾರ್ಡಿಂಗ್ ಎಲ್ಲಿಯೂ ಹಾಕಬ್ಯಾಡ್ರಿ. ಓದು ರೂಢಿ ಆಗಾಕ ಸ್ಟೋರಿವೀವರ್ ಅನ್ನೋ ಜಾಲತಾಣದಾಗ ಮಕ್ಕಳ ಕನ್ನಡ ಪುಸ್ತಕ ಬಿಟ್ಟಿ ಅದಾವು, ಒಂದನೇ ಹಂತದಿಂದ ಹಿಡೀರಿ.

ಲೀಡ್ಸ್, ಮೂಲ ಹುಬ್ಬಳ್ಳಿ:
ಭಾಳ ಉಪಕಾರ ಆತು. ಧಾರವಾಡದ ಸರಗ ಇನ್ನೊಂದು ಪ್ರಶ್ನಿ. ಮಕ್ಕಳು ಒಸಿಐ (ಬ್ಯಾರೆ ದೇಶದ ಪೌರರಾದ ಭಾರತ ಮೂಲದೋರಿಗೆ ಕೊಡೋ ಕಾರ್ಡು), ಆಧಾರ್ ಇಲ್ಲ. ಲೈಬ್ರರಿ ಸದಸ್ಯತ್ವ ಇಲ್ಲದ ಒಳಗ ಬಿಡ್ತಾರೇನು? ಏಪ್ರಿಲ್‌ನಾಗ ಬಂದ ಕೂಡಲೇ ಕಾರ್ಯಕ್ರಮ ಇಡಬಹುದೇನು?

ದುಬೈ, ಮೂಲ ಹಾವೇರಿ:
ಶಾಲಿ ಯಾವುದು ಅಂತ ಇನ್ನೂ ಹೇಳಿಲ್ಲ ನೀವು. ಮೊದಲು ಅದನ್ನ ಹೇಳ್ರಿ.

ಧಾರವಾಡ, ಗ್ರಂಥಾಲಯ ಕೆಲಸದವರು:
ಮಾತುಕತೆ ಕೇಳಲು, ಒಳಗೆ ಕೂತು ಓದಲು ಸದಸ್ಯತ್ವ ಬೇಕಿಲ್ಲ. ಪುಸ್ತಕ ಮನೆಗೆ ಒಯ್ಯಲು ಮಾತ್ರ ಬೇಕು. ಅದನ್ನು ಸದ್ಯಕ್ಕೆ ಅಜ್ಜ-ಅಜ್ಜಿಯರ ಹೆಸರಿನಲ್ಲಿ ಮಾಡಿಸಿ. ಒಸಿಐ ಇದ್ದವರು ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ಇದ್ದ ಮೇಲೆ ಆಧಾರ್‌ಗೆ ಅರ್ಜಿ ಹಾಕಬಹುದು. ಏಪ್ರಿಲ್, ಮೇ ಬೇಡ. ಶಾಲೆಗೆ ರಜೆ, ಮಕ್ಕಳು ಊರಲ್ಲಿ ಇರುವುದಿಲ್ಲ, ಪುಸ್ತಕ ಸರದಿಯಲ್ಲಿ ಓದಿಸಲು ಆಗುವುದಿಲ್ಲ. ಜೂನ್‌ನಲ್ಲಿ ಮಾಸ್ತರರಿಗೆ ದಾಖಲಾತಿ ಗದ್ದಲ. ಆಗಸ್ಟ್ 12 ಎಸ್. ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ, ಅದರ ಹಿಂದುಮುಂದಿನ ಭಾನುವಾರ ಕೇಳಿದರೆ ಗ್ರಂಥಾಲಯದವರೂ ಬೇಡ ಎನ್ನುವುದಿಲ್ಲ. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ ಇನ್ನೂ ಸುಲಭ, ಆದರೆ ಆಗ ಅತಿಥಿಗಳು, ಶಾಲು-ಹಾರ ತಪ್ಪಿಸುವುದು ಕಷ್ಟ. ಆಗಸ್ಟಿಗೇ ಹಿಡಿಯಿರಿ, ಪತ್ರ ಜುಲೈ ಮೊದಲ ವಾರ ಕೊಡಿ, ಮಳೆಗಾಲವಾದ್ದರಿಂದ ಚಪ್ಪಲಿ, ಕೊಡೆ ಇಡಲು ಹೊರಗೆ ಜಾಗ ನೋಡಿಕೊಳ್ಳಿ.